ಲಕ್ಕಪ್ಪನ ಕಂಬಿಗಳು ಕೂಡಿದ್ದು

ಅರಸೀಕೆರೆಯ ಲಕ್ಕಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿ ಮೂವತ್ತೆರಡು ವರ್ಷ ಕಂಬಿಗುಂಟ ನಡೆದ. ದಿನಾ ಬೆಳಗಾದರೆ ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಅಳತೆಪಟ್ಟಿ. ಸಡಿಲಾದ ಕೀಲಿಗೊಂದು ಏಟು, ಎರಡು ಕಂಬಿಗಳ ನಡುವಿನ ಅಂತರಕ್ಕೊಂದು ಅಳತೆ. ಅವನು ನಡೆದ ಮೈಲಿಗಳನ್ನೆಲ್ಲ ಸಾಲಾಗಿ ಜೋಡಿಸಿದ್ದರೆ ಚಂದ್ರನಿಗೆ ಹೋಗಿ, ಅಲ್ಲೊಂದು ಕಾಫಿ ಕುಡಿದು, ವಾಪಸು ತಿಪಟೂರಿನವರೆಗೆ ಬರಬಹುದಿತ್ತು.

ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಹೆಂಡತಿ ಗಿಡ್ಡಮ್ಮ ಒಂದು ಮಾತು ಕೇಳಿದಳು.

"ಮೂವತ್ತೆರಡು ವರ್ಸ ಡಬ್ಬಿ ಕಟ್ಟಿ ಕಳಿಸ್ದೆ. ಹೋಯ್ತಿದ್ದುದಾದ್ರೂ ಎಲ್ಲಿಗೆ ಅಂತ ಒಂದಿನ ತೋರಿಸಿದ್ದೀರಾ?"

ಕರೆದುಕೊಂಡು ಹೋಗೋಣವೆಂದರೆ ಅವಳ ಮಂಡಿಗಳು ಹತ್ತು ಹೆಜ್ಜೆಗೆಲ್ಲ ಮುಷ್ಕರ ಹೂಡುತ್ತಿದ್ದವು. ಬಾಯಲ್ಲಿ ಹೇಳೋಣವೆಂದರೆ ಮಾತು ಸಿಗಲಿಲ್ಲ. ಆ ಮಂಜು, ಮಂಜಿನ ಮೇಲೆ ತೇಲುವ ತೆಂಗಿನ ತಲೆಗಳು, ಕಬ್ಬಿಣದ ಮೇಲೆ ಹಾಲಿನಂತೆ ಹರಿದು ಬರುವ ಬೆಳಕು. ಇದನ್ನು ಇವಳಿಗೆ ತೋರಿಸದೆ ಸತ್ತರೆ ತಾನು ಬದುಕಿದ್ದಕ್ಕೆ ಸಾಕ್ಷಿಯೇ ಇಲ್ಲ ಅನ್ನಿಸಿತು ಲಕ್ಕಪ್ಪನಿಗೆ. ಹೋಗಿ ಭಾನುವಾರದ ಚಿತ್ರಕಲೆ ತರಗತಿಗೆ ಸೇರಿಕೊಂಡ.

ಕಲಿಸುವವಳು ಶಿಲ್ಪಶ್ರೀ. ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಎಚ್ ಪೆನ್ಸಿಲ್ ಗಟ್ಟಿ, ಬಿ ಪೆನ್ಸಿಲ್ ಮೆತ್ತಗೆ ಎಂಬಲ್ಲಿಂದ ಪಾಠ ಸುರುವಾಯಿತು. ಗೆರೆ ಸುತ್ತಿ ಬಂದು ತನ್ನನ್ನೇ ಕೂಡಿಕೊಂಡರೆ ಆಕಾರ. ಆಕಾರಕ್ಕೆ ಒಂದು ಮಗ್ಗುಲಲ್ಲಿ ನೆರಳು ಕೊಟ್ಟರೆ ಅದಕ್ಕೆ ಮೈ ಬರುತ್ತದೆ. ಲಕ್ಕಪ್ಪನ ಗೆರೆ ಎಷ್ಟು ನೇರವೆಂದರೆ ಸ್ಕೇಲು ನಾಚಿಕೊಂಡು ಬಾಗುತ್ತಿತ್ತು. ಅವನು ನೆರಳು ಕೊಟ್ಟ ತೆಂಗಿನಕಾಯಿಯನ್ನು ಕೋತಿಯೊಂದು ಕಾಗದ ಸಮೇತ ಎತ್ತಿಕೊಂಡು ಹೋಗಿ, ಅಲ್ಲಾಡಿಸಿ ನೋಡಿ, ನೀರಿಲ್ಲವೆಂದು ವಾಪಸು ಎಸೆಯಿತಂತೆ.

ಎಡವಿದ್ದು ಕಂಬಿಯಲ್ಲಿ. ಕಾಗದದ ಬುಡದಿಂದ ತಲೆಯವರೆಗೆ ಎರಡು ಗೆರೆ ಎಳೆದ, ಕೂದಲೆಳೆಯಷ್ಟೂ ಅಂತರ ತಪ್ಪಲಿಲ್ಲ. ನಡುವೆ ಅಡ್ಡಪಟ್ಟಿ ಹಾಕಿ ಹೆಂಡತಿಗೆ ತೋರಿಸಿದ.

"ಏಣಿ ಚೆನ್ನಾಗೈತೆ," ಅಂದಳು ಗಿಡ್ಡಮ್ಮ. "ಅಟ್ಟ ಎಲ್ಲಿ?"

ಲಕ್ಕಪ್ಪ ಎರಡು ದಿನ ಊಟ ಮಾಡುವಾಗ ತಟ್ಟೆಯಿಂದ ತಲೆ ಎತ್ತಲಿಲ್ಲ.

ಭಾನುವಾರ ಶಿಲ್ಪಶ್ರೀ ಅಂದಳು: "ಕಣ್ಣಿನ ಮಟ್ಟಕ್ಕೆ ಅಡ್ಡ ಒಂದು ಗೆರೆ ಎಳೀರಿ, ಅದು ದಿಗಂತ. ಎರಡು ಕಂಬಿನೂ ಹೋಗ್ತಾ ಹೋಗ್ತಾ ಅದರ ಮೇಲೆ ಒಂದೇ ಚುಕ್ಕೀಲಿ ಕೂಡಬೇಕು."

ಲಕ್ಕಪ್ಪನ ಕೈಯಿಂದ ಪೆನ್ಸಿಲ್ ಬಿತ್ತು.

"ಕೂಡಬೇಕಾ! ಮೇಡಮ್ಮೋರೇ, ಒಂದು ಬೆರಳು ಹತ್ರ ಬಂದ್ರೆ ಕೆಂಪು ಬಾವುಟ ಹಿಡ್ಕೊಂಡು ಓಡ್ತಿದ್ದೋನು ನಾನು. ಕೂಡಿಸ್ಬಿಟ್ರೆ ಗಾಡಿ ಗತಿ?"

"ಕಾಗದದ ಮೇಲೆ ಗಾಡಿ ಬರಲ್ಲ, ಲಕ್ಕಪ್ಪನವರೇ."

"ಬಂದ್ರೆ?"

ಆ ವಾರ ನಲವತ್ತು ಹಾಳೆ ಹಾಳಾದವು. ಗೆರೆಗಳು ಹತ್ತಿರವಾಗುತ್ತ ಹೋಗಿ, ಬೆರಳಷ್ಟು ಅಂತರ ಉಳಿದಾಗ ಕೈ ತಾನಾಗಿ ನಿಂತುಬಿಡುತ್ತಿತ್ತು. ಉಜ್ಜಿದ ರಬ್ಬರಿನ ಪುಡಿ ಗುಡಿಸಿ ಗುಡಿಸಿ ಗಿಡ್ಡಮ್ಮನ ಎರಡು ಪೊರಕೆ ಸವೆದವು.

ಮುಂದಿನ ಭಾನುವಾರ ಶಿಲ್ಪಶ್ರೀ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು, ಅವನನ್ನು ಸ್ಟೇಷನ್ನಿನ ಮೇಲ್ಸೇತುವೆ ಹತ್ತಿಸಿದಳು.

"ಕೈ ಪೂರ್ತಿ ಚಾಚಿ ಪೆನ್ಸಿಲ್ ಹಿಡೀರಿ. ಒಂದು ಕಣ್ಣು ಮುಚ್ಚಿ. ಗೊತ್ತಿರೋದನ್ನ ಬಿಡಿ, ಕಾಣೋದನ್ನ ಅಳೀರಿ."

ಅಳೆಯುವುದು ಲಕ್ಕಪ್ಪನಿಗೆ ಹೊಸತಲ್ಲ. ಹತ್ತಿರದಲ್ಲಿ ಕಂಬಿಗಳ ಅಂತರ ಅರ್ಧ ಪೆನ್ಸಿಲ್. ಸಿಗ್ನಲ್ ಕಂಬದ ಹತ್ತಿರ ಒಂದು ಉಗುರು. ಅದರಾಚೆ ಪೆನ್ಸಿಲಿನ ಮೊನೆ ಒಂದೇ ಎರಡನ್ನೂ ಮುಚ್ಚಿತು. ಮೂವತ್ತೆರಡು ವರ್ಷ ತಲೆ ಬಗ್ಗಿಸಿ ಕಾಲ ಬುಡದ ಕಬ್ಬಿಣ ನೋಡಿದ್ದನೇ ಹೊರತು, ಹೀಗೆ ಕೊನೆಯವರೆಗೆ ಕಣ್ಣು ಕಳಿಸಿರಲಿಲ್ಲ. ಮಂಜು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ತೆಂಗಿನ ಮರಗಳು ಹತ್ತಿರದಲ್ಲಿ ಕಪ್ಪಗೆ, ದೂರದಲ್ಲಿ ಬೂದಿಯಂತೆ, ಇನ್ನೂ ದೂರದಲ್ಲಿ ಬರಿ ಉಸಿರಿನಂತೆ. ಅಷ್ಟೂ ಲೋಕ ನಿಶ್ಶಬ್ದವಾಗಿ ಆ ಒಂದು ಚುಕ್ಕಿಯೊಳಕ್ಕೆ ಇಳಿದು ಹೋಗುತ್ತಿತ್ತು, ಯಾವ ಗಾಡಿಯೂ ಮಗುಚದೆ.

ಮನೆಗೆ ಬಂದು ಬರೆದ. ಕೊನೆಯ ಬೆರಳಗಲ ದಾಟುವಾಗ ಕಣ್ಣು ಮುಚ್ಚಿಕೊಂಡೇ ಕೂಡಿಸಿದ.

ಗಿಡ್ಡಮ್ಮ ಕಾಗದವನ್ನು ಮಡಿಲಲ್ಲಿಟ್ಟುಕೊಂಡಳು. ಒಲೆಯ ಮೇಲಿನ ಹಾಲು ಉಕ್ಕಿತು; ಏಳಲಿಲ್ಲ.

"ಇಷ್ಟು ದೂರವಾ?" ಅಂದಳು. ಆಮೇಲೆ, "ನೀವೆಲ್ಲಿ ಇದರಾಗೆ?"

ಲಕ್ಕಪ್ಪ ಕಂಬಿಗಳು ಕೂಡುವಲ್ಲಿ ಸಾಸಿವೆಯಷ್ಟು ಒಂದು ಮಚ್ಚೆ ಇಟ್ಟ.

"ಇಷ್ಟೇ ಇದ್ದೀರಾ?"

"ದೂರ ಹೋದಂಗೆ ಸಣ್ಣ ಆಯ್ತೀವಿ ಕಣೇ. ಅದೇ ಪಾಠ."

"ಹೋಗಿದ್ದು ನೋಡ್ದೆ. ಸಾಕು. ಅಳಿಸಿ." ಗಿಡ್ಡಮ್ಮ ಚಿತ್ರದ ಬುಡದಲ್ಲಿ, ಕಂಬಿಗಳು ಅಗಲವಾಗಿರುವ ಕಡೆ ಬೆರಳಿಟ್ಟಳು. "ಬರೋದನ್ನ ಬರೀರಿ. ಇಲ್ಲಿ. ದೊಡ್ಡದಾಗಿ."

"ಮುಖ ಇನ್ನೂ ಕಲ್ಸಿಲ್ಲ ಕಣೇ ಅವರು."

"ನಿಮ್ಮ ಮುಖ ನಂಗೊತ್ತಿಲ್ವಾ? ಬರೀರಿ, ನಾನು ಹೇಳ್ತೀನಿ."

ಲಕ್ಕಪ್ಪ ಮೆತ್ತನೆಯ ಪೆನ್ಸಿಲ್ ಆರಿಸಿಕೊಂಡ. ಅವಳು ಅವನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿ, ಕಿವಿಯಿಂದ ಸುರುಮಾಡಿದಳು.