ನಡುಸಮುದ್ರದಲ್ಲಿ ಕರೆಂಟ್ ಬಂತು

ಇವತ್ತು ಬೆಳಿಗ್ಗೆ ಕರೆಂಟ್ ಕೈಕೊಟ್ಟಿತೆಂದು, ಬಾವಿಯ ಹತ್ತಿರ ಸುಮ್ಮನೆ ಬಿದ್ದಿದ್ದ ಹಳೆಯ ಡೀಸೆಲ್ ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುವಿದೆ. ಅದು ನಾಲ್ಕು ಸಲ ಕೆಮ್ಮಿ, ಕರಿ ಹೊಗೆ ಉಗುಳಿ, ಕಬ್ಬಿಗೆ ನೀರೆತ್ತತೊಡಗಿತು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಕಾಲ ಕೆಳಗಿನ ಎರೆಮಣ್ಣು ತುಸು ಓಲಾಡಿದಂತಾಯಿತು. ನೀವು ನಗಬಹುದು. ಕಾಗವಾಡದ ಕಡೆಯ ರೈತನಿಗೆ ಡೀಸೆಲ್ ವಾಸನೆಯಿಂದ ಸಮುದ್ರ ನೆನಪಾಗುತ್ತದೆ ಎಂದರೆ ನಮ್ಮೂರಿನವರೂ ನಗುತ್ತಾರೆ.

ನೆನಪಾಗಬಾರದ ಹೊತ್ತಿಗೇ ನೆನಪಾಯಿತು. ಹತ್ತು ಗಂಟೆಗೆ ಎಮ್ಮೆ ವ್ಯಾಪಾರಿ ಬರುವವನಿದ್ದ. ನಮ್ಮ ಮುದಿ ಎಮ್ಮೆ ಗೌರಿಯನ್ನು ಕೊಡುವುದೆಂದು ನಾನೊಬ್ಬನೇ ಮಾತಾಡಿ ಮುಗಿಸಿದ್ದೆ. ಅದನ್ನು ಕರುವಿನಿಂದ ಸಾಕಿದವಳು ನನ್ನ ಹೆಂಡತಿ ಸುಶೀಲಾ. ಅವಳಿಗೆ ಇನ್ನೂ ಹೇಳಿರಲಿಲ್ಲ.

ನಮ್ಮ ಸಂಸಾರದ ಒಂದು ಪದ್ಧತಿ ನಿಮಗೆ ಹೇಳಬೇಕು. ಮದುವೆಯಾಗಿ ಮೂವತ್ತು ವರ್ಷವಾದರೂ ನಾವು ಒಂದು ಜಗಳವನ್ನೂ ಕೊನೆಮುಟ್ಟಿಸಿದವರಲ್ಲ. ಅವಳ ಮಾತಿನಲ್ಲಿ ನ್ಯಾಯ ಕಾಣತೊಡಗಿತೋ, ನಾನು ಚಪ್ಪಲಿ ಮೆಟ್ಟಿ ಎದ್ದುಬಿಡುತ್ತಿದ್ದೆ. "ಕರೆಂಟ್ ಬಂದಿರ್ಬೇಕು, ಮೋಟಾರ್ ಚಾಲೂ ಮಾಡಿ ಬರ್ತೀನಿ" ಅಂದರೆ ಮುಗಿಯಿತು. ಅದಕ್ಕೆ ಎದುರಾಡುವ ಹೆಂಗಸು ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ನಾನು ಎರಡು ಹೊಲ ದಾಟಿ ಬಾವಿಯ ಹತ್ತಿರ ಬೀಡಿ ಸೇದುತ್ತ ಕೂರುತ್ತಿದ್ದೆ, ಅವಳು ಎಮ್ಮೆಯ ಮೈ ತಿಕ್ಕುತ್ತ ನಿಲ್ಲುತ್ತಿದ್ದಳು. ಊಟದ ಹೊತ್ತಿಗೆ ಇಬ್ಬರೂ ಏನೂ ಆಗಿಲ್ಲವೆಂಬಂತೆ ರೊಟ್ಟಿ ಮುರಿಯುತ್ತಿದ್ದೆವು.

ಹಾಗೆ ನಡುವೆ ಬಿಟ್ಟವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ದ್ರಾಕ್ಷಿ ತೋಟದ್ದು. ಎರಡೆಕರೆ ಬಳ್ಳಿ, ಚಾಟ್ನಿಯ, ಅಂದರೆ ಬಳ್ಳಿ ಸವರುವ ದಿನಗಳಲ್ಲಿ ಕತ್ತರಿ ಹಿಡಿದು ಯಾವ ಕಣ್ಣು ಉಳಿಸಬೇಕು, ಯಾವುದನ್ನು ಕಡಿಯಬೇಕು ಎಂದು ಆಳುಗಳಿಗೆ ತೋರಿಸುತ್ತಿದ್ದವಳು ಅವಳೇ. ಎರಡು ವರ್ಷ ಸಾಲಾಗಿ, ಹಣ್ಣು ಕೊಯ್ಯುವ ಹೊತ್ತಿಗೇ ಮಳೆ ಬಿದ್ದು ಗೊನೆಯೆಲ್ಲ ಕೊಳೆಯಿತು. ನನಗೆ ಸಾಕಾಗಿತ್ತು. ಅವಳು ತಾಯಿಯ ಜಡ್ಡು ನೋಡಿಕೊಳ್ಳಲು ತವರಿಗೆ, ಸದಲಗಾಕ್ಕೆ ಹೋಗಿದ್ದಾಗ ಜೆಸಿಬಿ ಕರೆಸಿ ಎಲ್ಲ ಕೀಳಿಸಿಬಿಟ್ಟೆ. ಅವಳು ತಿರುಗಿ ಬಂದು, ಚೀಲ ಕೈಯಲ್ಲಿ ಹಿಡಿದುಕೊಂಡೇ ಬೋಳು ಹೊಲ ನೋಡಿದಳು. "ಚಹಾ ಮಾಡ್ಲೇನ್ರಿ?" ಎಂದಳು. ಆರು ವರ್ಷ ಆ ವಿಷಯದಲ್ಲಿ ಅವಳಾಡಿದ ಮಾತು ಅಷ್ಟೇ.

ಇನ್ನು ಸಮುದ್ರಕ್ಕೆ ಬರೋಣ. ಕೊಲ್ಹಾಪುರದ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ದತ್ತಾರಾಮ ವೆಂಗುರ್ಲಾದವನು. ಅವನದೊಂದು ಸಣ್ಣ ಟ್ರಾಲರ್ ಇದೆ. ಮೂರು ವರ್ಷದ ಹಿಂದೆ ಅದನ್ನು ರಿಪೇರಿಗೆಂದು ಖಾಲಿಯಾಗಿ ಕಾರವಾರಕ್ಕೆ ಒಯ್ಯುವವನಿದ್ದ. "ವಹಿನಿಯನ್ನೂ ಕರೆದುಕೊಂಡು ಬಾ, ದಂಡೆ ಹಿಡಿದು ಮೂರು ದಿನ ನಿಧಾನಕ್ಕೆ ಹೋಗೋಣ" ಎಂದ. ಅವನ ಮರಾಠಿಯಲ್ಲಿ ವಹಿನಿ ಅಂದರೆ ಅತ್ತಿಗೆ. ನಮ್ಮ ಕಬ್ಬು ಆಗಲೇ ಕಾರ್ಖಾನೆ ಸೇರಿತ್ತು. ಎಮ್ಮೆಗಳನ್ನು ತಮ್ಮನಿಗೆ ಒಪ್ಪಿಸಿ, ಎರಡು ದಿನದ ರೊಟ್ಟಿ ಕಟ್ಟಿಕೊಂಡು, ನಿಪ್ಪಾಣಿಯಲ್ಲಿ ಬಸ್ಸು ಬದಲಿಸಿ ಘಟ್ಟ ಇಳಿದೆವು.

ಆ ಟ್ರಾಲರಿನ ಉದ್ದ ಹದಿನಾಲ್ಕು ಹೆಜ್ಜೆ. ನಾನೇ ಎಣಿಸಿದ್ದೇನೆ, ಮೊದಲ ದಿನ ವಾಂತಿ ಮಾಡಲು ಅಷ್ಟು ಸಲ ಆ ತುದಿಗೆ ಓಡಿದ್ದೆ. ಮೀನು ಮುಟ್ಟದ ನಮಗೆ ಹಲಗೆ ಹಲಗೆಗೂ ಮೀನಿನ ವಾಸನೆ, ಅದರ ಮೇಲೆ ಡೀಸೆಲ್ಲಿನದು. ಸುಶೀಲಾ ಮಾತ್ರ ದೂಧಗಂಗೆಯಲ್ಲಿ ಈಜಿ ಬೆಳೆದವಳು. ಸೆರಗು ಸಿಗಿಸಿಕೊಂಡು ಸ್ಟೋವ್ ಮುಂದೆ ಗಟ್ಟಿಯಾಗಿ ಕೂತು ಚಹಾ ಕಾಸಿದಳು. "ನಿಂಬೀಹಣ್ಣ ಮೂಸ್ರಿ, ದಂಡಿ ಕಡೆ ನೋಡ್ರಿ, ನೀರ ನೋಡಬ್ಯಾಡ್ರಿ" ಎಂದು ನನಗೆ ಪಾಠ ಮಾಡಿದಳು. ಎಡಕ್ಕೆ ತೆಂಗಿನ ಸಾಲು, ಕೆಂಪು ಗುಡ್ಡ, ನಡುನಡುವೆ ನದಿ ಬಂದು ಕೂಡುವ ಅಳಿವೆಗಳು. ಸಂಜೆಗೆ ಅಂಥದೊಂದು ಅಳಿವೆಯಲ್ಲಿ ಲಂಗರು ಹಾಕಿದೆವು. ಅವಳ ಮುಖದಲ್ಲಿ ಅಷ್ಟು ಹುರುಪನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ನೋಡಿ ಖುಷಿಯಾಯಿತು, ಒಳಗೊಳಗೇ ನಾಚಿಕೆಯೂ ಆಯಿತು.

ಎರಡನೆಯ ದಿನ ಮಧ್ಯಾಹ್ನ ದತ್ತಾರಾಮ ಪೇಟೆಯಿಂದ ತಂದಿದ್ದ ದ್ರಾಕ್ಷಿ ಗೊಂಚಲನ್ನು ಅವಳ ಮುಂದಿಟ್ಟು, "ವಹಿನಿ, ಬಾಗ ಕಶೀ ಆಹೆ?" ಎಂದ. ತೋಟ ಹೇಗಿದೆ ಎಂದು ಕೇಳಿದ್ದು. ಹಿಂದೆ ವರ್ಷವರ್ಷ ನಾವು ಕಳಿಸುತ್ತಿದ್ದ ಪೆಟ್ಟಿಗೆಯ ರುಚಿ ಅವನಿಗೆ ನೆನಪಿತ್ತು, ಕಿತ್ತದ್ದು ಗೊತ್ತಿರಲಿಲ್ಲ.

ಸುಶೀಲಾ ಒಂದು ಹಣ್ಣನ್ನು ಬೆರಳಲ್ಲಿ ತಿರುಗಿಸಿದಳು. "ಇವರನ್ನ ಕೇಳ್ರಿ" ಎಂದಳು. ದತ್ತಾರಾಮ ಇಬ್ಬರ ಮುಖವನ್ನೂ ನೋಡಿ, ತೆಪ್ಪಗೆ ಚುಕ್ಕಾಣಿ ಹಿಡಿಯಲು ಹೋದ.

"ಏನ್ ಕೇಳೂದೈತಿ? ಎರಡ ವರ್ಷ ಹಣ್ಣ ಕೊಳತು, ಕಣ್ಣಾರೆ ನೋಡಿದಿ ನೀ" ಎಂದೆ.

"ಆರು ವರ್ಷ ಆತ್ರಿ. ಒಂದ್ ಮಾತ ಕೇಳಲಿಲ್ಲ ನೀವು."

"ಕೇಳಿದ್ರ ನೀ ಬಿಡ್ತಿದ್ದೇನು?"

"ಕೇಳಿದ್ರ ಗೊತ್ತಾಗ್ತಿತ್ತು."

ಅವಳ ಮಾತಿನಲ್ಲಿ ನ್ಯಾಯ ಕಂಡಿತು. ಕಂಡದ್ದೇ ನಾನು ಎದ್ದೆ. ಹಲಗೆಯ ಮೇಲೆ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, "ಕರೆಂಟ್ ಬಂದಿರ್ಬೇಕು, ಮೋಟಾರ್ ಚಾಲೂ ಮಾಡಿ ಬರ್ತೀನಿ" ಎಂದೆ.

ಸುತ್ತಲೂ ನೀರು. ಒಂದು ಕಾಲು ಮುಂದಿಟ್ಟವನು ಹಾಗೇ ನಿಂತುಬಿಟ್ಟೆ. ಸುಶೀಲಾ ಬಾಯಿ ತೆರೆದು ನೋಡಿದಳು, ಆಮೇಲೆ ಶುರುವಾಯಿತು ನೋಡಿ ಅವಳ ನಗು. "ಹೋಗ್ರಿ, ಹೋಗಿ ಬರ್ರಿ! ಮೋಟಾರ್ ಬೋರ್ಡಿಗೆ ಒದ್ದೆ ಕೈ ಹಚ್ಚಬ್ಯಾಡ್ರಿ ಮತ್ತ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಗುತ್ತಿದ್ದವಳು ಯಾವಾಗ ಅಳತೊಡಗಿದಳೋ ತಿಳಿಯಲಿಲ್ಲ. ಹೋಗಲು ನನಗೆ ಎಲ್ಲೂ ಜಾಗವಿರಲಿಲ್ಲ. ಅವಳ ಪಕ್ಕದಲ್ಲಿ ಕೂತೆ.

"ತಗೀಬ್ಯಾಡ್ರಿ ಅಂತಿರಲಿಲ್ಲ ನಾ" ಎಂದಳು, ಮೂಗು ಒರೆಸಿಕೊಳ್ಳುತ್ತ. "ಹೂಂ ಅಂತಿದ್ದೆ. ಆದ್ರ ಕಡೀಕ ಒಮ್ಮೆ ಬಳ್ಳಿ ಸಾಲಿನಾಗ ಅಡ್ಡಾಡಿ ಬರ್ತಿದ್ದೆ."

ಮಳೆಯ ಲೆಕ್ಕ, ಔಷಧದ ಲೆಕ್ಕ, ಆಳಿನ ಲೆಕ್ಕ, ನನ್ನ ಹತ್ತಿರ ಆರು ವರ್ಷದಿಂದ ತಯಾರಿದ್ದ ಉತ್ತರಗಳು ಒಂದೂ ಕೆಲಸಕ್ಕೆ ಬರಲಿಲ್ಲ. "ತಪ್ಪಾತು" ಎಂದೆ. ಮದುವೆಯಾದ ಮೇಲೆ ಮೊದಲ ಸಲ. ಅವಳು ಗೊಂಚಲನ್ನು ಇಬ್ಬರ ನಡುವೆ ಸರಿಸಿದಳು. ಹಣ್ಣು ಹುಳಿಯಿತ್ತು, ಇಬ್ಬರೂ ಪೂರ್ತಿ ತಿಂದೆವು.

ಇಷ್ಟೆಲ್ಲ ನೆನೆದು ಇವತ್ತು ಬಾವಿಯಿಂದ ಮನೆಗೆ ಬಂದೆ. ಆಗಲೇ ಒಂಬತ್ತಾಗಿತ್ತು. ಸುಶೀಲಾ ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದಳು. ಎದುರಿಗೆ ಕೂತೆ.

"ಗೌರೀನ ಕೊಡೂಣೇನು? ಹತ್ತಕ್ಕ ಒಬ್ಬಾಂವ ಬರ್ತಾನ. ನೀ ಬ್ಯಾಡಂದ್ರ ಬರಬ್ಯಾಡ ಅಂತ ಫೋನ್ ಮಾಡ್ತೀನಿ."

ಅವಳು ಮೊರದಿಂದ ತಲೆ ಎತ್ತಲಿಲ್ಲ. "ಮಾಡ್ರಿ ಮತ್ತ."

ಹೂಂ ಅನ್ನುತ್ತಾಳೆಂದು ನಾನು ಎಣಿಸಿದ್ದೆ. ಹಾಲಿಲ್ಲದ ಎಮ್ಮೆಗೆ ಮೇವು ದಂಡ ಎಂದೆ. "ನಿಮಗೂ ವಯಸ್ಸಾಗೇತಿ, ನಿಮ್ಮನ್ನ ಎಲ್ಲಿ ಕೊಡ್ಲಿ?" ಎಂದಳು. ನನಗೆ ತಿಳಿಯದಂತೆಯೇ ಕಾಲು ಚಪ್ಪಲಿ ಹುಡುಕತೊಡಗಿತು.

ಸುಶೀಲಾ ಕೈ ನಿಲ್ಲಿಸಿ, ಎರಡು ಹೊಲದಾಚೆ ಬಡಿದುಕೊಳ್ಳುತ್ತಿದ್ದ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಳು.

"ಅದು ಚಾಲೂನ ಐತ್ರಿ" ಎಂದಳು. "ಕೂಡ್ರಿ."

ಚಪ್ಪಲಿ ಬಿಟ್ಟು, ಕೂತು, ವ್ಯಾಪಾರಿಗೆ ಫೋನ್ ಮಾಡಿದೆ.