ಖಂಡೇ ಪೂಜೆಗೆ ಕೂತ ಡಿಸ್ಕ್

ಕೊಪ್ಪಳ ಬೇರೆ ಜಿಲ್ಲೆಯಾದ ಮೇಲೆ ಊರಿಗೆ ಬಂದ ಹೊಸ ಕಚೇರಿಗಳಲ್ಲಿ ನಮ್ಮದೂ ಒಂದು. ಬೀಜದ ಕಂಪನಿ. ಕುಷ್ಟಗಿ, ಯಲಬುರ್ಗಾ ಕಡೆಯ ರೈತರಿಂದ ಟೊಮ್ಯಾಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಬೆಳೆಸುತ್ತಿದ್ದೆವು, ಗಂಗಾವತಿಯಲ್ಲಿ ಭತ್ತದ ಬೀಜ ಕೊಳ್ಳುತ್ತಿದ್ದೆವು. ನಾಲ್ಕೂ ಊರಿನ ಕಚೇರಿಗಳ ಕಂಪ್ಯೂಟರುಗಳಿಗೆ ನಾನೊಬ್ಬನೇ ದಿಕ್ಕು. ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದಕ್ಕೂ ನನ್ನನ್ನೇ ಕರೆಯುತ್ತಿದ್ದರು. ಮುಂಗೋಪಿ ಎಂಬ ಬಿರುದು ನನಗೆ ಮೊದಲ ವರ್ಷವೇ ಸಿಕ್ಕಿತು. ಅದು ಸುಳ್ಳೆಂದು ನಾನು ಎಂದೂ ವಾದಿಸಲಿಲ್ಲ.

ಮೇಲ್ ಸರ್ವರ್ ಕೊಪ್ಪಳದಲ್ಲಿತ್ತು. ಉಗ್ರಾಣದ ಪಕ್ಕದ ಸಣ್ಣ ಕೋಣೆಯಲ್ಲಿ, ಬೀಜದ ಔಷಧಿಯ ವಾಸನೆಯ ನಡುವೆ. ನಾಲ್ಕೂ ಕಚೇರಿಯ ಮೇಲ್ ಅದರ ಮೂಲಕವೇ ಹೋಗಬೇಕು, ಬರಬೇಕು. ಯಾರ ಮೇಲ್ ಯಾರಿಗೆ ಎಷ್ಟು ಹೊತ್ತಿಗೆ ಹೋಯಿತು ಎಂದು ಸಾಲು ಸಾಲಾಗಿ ಬರೆದಿಡುವ ಲಾಗ್ ಕಡತಗಳು ದಿನದಿನಕ್ಕೂ ಬೆಳೆಯುತ್ತಿದ್ದವು. ಮೊಬೈಲಿಗೆ ಕ್ಯಾಮೆರಾ ಬಂದ ಮೇಲಂತೂ ಹೊಲಕ್ಕೆ ಹೋಗುವ ಹುಡುಗರು ಒಂದೇ ಗಿಡವನ್ನು ನಾಲ್ಕು ದಿಕ್ಕಿನಿಂದ ತೆಗೆದು ಎಲ್ಲರಿಗೂ ಕಳಿಸುತ್ತಿದ್ದರು. ಜಾಗ ಸಾಲದು, ಹೊಸ ಸರ್ವರ್ ಬೇಕು ಎಂದು ನಾನು ಕೇಳುತ್ತಲೇ ಇದ್ದೆ. ಕಡೆಗೆ ಕೊಟ್ಟದ್ದು ಅಂಗೈಯಗಲದ, ವೈರಿನಿಂದ ಸಿಕ್ಕಿಸುವ ಒಂದು ಡಿಸ್ಕ್. ಪ್ರತಿ ರಾತ್ರಿ ಎಲ್ಲರ ಮೇಲ್‌ಗಳ ಒಂದು ನಕಲು ತಾನಾಗಿಯೇ ಆ ಡಿಸ್ಕಿಗೆ ಹೋಗುವಂತೆ ಏರ್ಪಾಡು ಮಾಡಿದೆ. ಏರ್ಪಾಡು ಚೆನ್ನಾಗಿಯೇ ನಡೆಯುತ್ತಿತ್ತು.

ಒಂದು ದಸರೆಗೆ ಕಾರಟಗಿಯಲ್ಲಿರುವ ಹೆಂಡತಿಯ ತವರಿಗೆ ಹೋಗಿದ್ದೆ. ಹಬ್ಬ ಮುಗಿಸಿ ಬರುವಷ್ಟರಲ್ಲಿ ಮೇಲ್ ನಿಂತುಹೋಗಿತ್ತು. ಸರ್ವರಿನಲ್ಲಿ ಒಂದಿಷ್ಟೂ ಜಾಗ ಉಳಿದಿರಲಿಲ್ಲ. ಬೀಜದ ಮೊಳಕೆ ಪರೀಕ್ಷೆಯ ಫಲಿತಾಂಶ ಮೇಲ್‌ನಲ್ಲಿಯೇ ಬರಬೇಕು. ಅದು ಬಾರದೆ ಒಂದು ಚೀಲವನ್ನೂ ಲಾರಿಗೆ ಏರಿಸುವಂತಿಲ್ಲ. ಉಗ್ರಾಣದ ಬಾಗಿಲಲ್ಲಿ ಲಾರಿಗಳು ನಿಂತಿದ್ದವು, ಮ್ಯಾನೇಜರ್ ಸಾಹೇಬರು ಬಾಗಿಲಿಂದ ನನ್ನ ಕೋಣೆಗೆ, ಕೋಣೆಯಿಂದ ಬಾಗಿಲಿಗೆ ಓಡಾಡುತ್ತಿದ್ದರು.

ಇಂಥ ಹೊತ್ತಿನಲ್ಲಿ ಮೊದಲು ಕೈ ಹಾಕುವುದು ಹಳೆಯ ಲಾಗ್‌ಗಳಿಗೆ. ಬೇಕಾದವನ್ನು ಕುಗ್ಗಿಸಿಟ್ಟೆ, ಬೇಡವಾದವನ್ನು ಅಳಿಸಿದೆ. ಜಾಗ ಮಾತ್ರ ಬಿಡಲಿಲ್ಲ. ಮೇಲ್ ಪ್ರೋಗ್ರಾಮು ತಾನು ತೆರೆದಿಟ್ಟ ಲಾಗನ್ನು ನಾವು ಅಳಿಸಿದರೂ ಹಿಡಿದುಕೊಂಡೇ ಇರುತ್ತದೆ, ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡುವ ತನಕ ಬಿಡುವುದಿಲ್ಲ. ಅದಕ್ಕೆ ಇಡೀ ಸರ್ವರನ್ನೇ ಆಫ್ ಮಾಡಿ ಆನ್ ಮಾಡಿದೆ. ಸ್ವಲ್ಪ ಜಾಗವಾಯಿತು, ಮೇಲ್ ಹರಿಯಿತು. ಊಟ ಮಾಡಿ ಬರುವಷ್ಟರಲ್ಲಿ ಮತ್ತೆ ತುಂಬಿತ್ತು.

ಎಲ್ಲಿ ಹೋಯಿತು ಜಾಗ? ಒಂದೊಂದೇ ಫೋಲ್ಡರ್ ಅಳೆದು ಕೂಡಿಸಿ ನೋಡಿದರೆ ಸರ್ವರಿನ ಜಾಗದ ಅರ್ಧವೂ ಆಗುವುದಿಲ್ಲ. ಸರ್ವರ್ ಮಾತ್ರ ಪೂರ್ತಿ ತುಂಬಿದೆ ಎಂದು ಹಟ ಹಿಡಿದಿದೆ. ಸಾಹೇಬರು ಬಾಗಿಲಲ್ಲಿ ನಿಂತು, "ಇನ್ನೂ ಎಷ್ಟ ಹೊತ್ರಿ?" ಎಂದರು. "ನೀವು ಅಲ್ಲಿ ನಿಂತಿರೂತನಕ ಆಗೂದಿಲ್ರಿ" ಎಂದುಬಿಟ್ಟೆ.

ಆಗ ಚಹಾ ತಂದವರು ನಮ್ಮ ಕಚೇರಿಯ ಅಕ್ಕ. ಕಸ ಗುಡಿಸುವುದರಿಂದ ಹಿಡಿದು ಬೀಗ ಹಾಕುವವರೆಗೆ ಎಲ್ಲ ಅವರದೇ ಕಾರುಬಾರು. ಕೆಲಸ ಮಾತ್ರ ಗುತ್ತಿಗೆಯದು. ವರ್ಷ ವರ್ಷ ಸಾಹೇಬರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ವರ್ಷದ ಸಹಿ ಇನ್ನೂ ಆಗಿರಲಿಲ್ಲ. ಕಪ್ಪು ಇಡಲು ಜಾಗ ಮಾಡುತ್ತ ಅವರು ಬ್ಯಾಕಪ್ ಡಿಸ್ಕನ್ನು ಅತ್ತ ಸರಿಸಿದಾಗ ಅದರ ನೆತ್ತಿಯ ಮೇಲೆ ಅರಿಶಿನ, ಕುಂಕುಮ, ಮೂರು ಬೆರಳಿನ ವಿಭೂತಿ ಕಂಡವು.

"ಅಕ್ಕಾರ, ಇದೇನ್ರಿ ಇದು?"

"ಖಂಡೇ ಪೂಜಿದ್ರಿ," ಎಂದರು, ಆಯುಧ ಪೂಜೆ ಎಂದರೆ ಕೇಳುವ ಮಾತೇ ಎಂಬಂತೆ. "ತಕ್ಕಡಿ, ಗಾಡಿ, ಕಂಪ್ಯೂಟರ, ಎಲ್ಲಾದಕ್ಕೂ ಮಾಡಿದ್ವಿ. ಇದೂ ಹಗಲೂ ರಾತ್ರಿ ದುಡೀತೈತಿ. ಇದನ್ನೊಂದ ಬಿಟ್ರ ಹ್ಯಾಂಗ್ರಿ? ಬಿಚಕೊಂಡು ಹೋಗಿ ದೇವರ ಮುಂದ ಇಟ್ಟಿದ್ನಿ. ಬನ್ನಿ ಮುಡಿಯೂತನಕ ಮುಟ್ಟಬಾರದಲ್ರಿ, ಹಬ್ಬದ ಸೂಟಿ ಮುಗದ ಮ್ಯಾಲೆ ತಂದು ಮತ್ತ ಸಿಗಿಸೀನಿ. ವೈರ್ ಬರೋಬ್ಬರಿ ಐತಿ ನೋಡ್ರಿ."

ವೈರ್ ಬರೋಬ್ಬರಿಯೇ ಇತ್ತು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಡಿಸ್ಕ್ ದೇವರ ಮುಂದೆ ಕೂತಿದ್ದ ರಾತ್ರಿಗಳಲ್ಲಿಯೂ ನಕಲು ಮಾಡುವ ಕೆಲಸ ನಿಂತಿರಲಿಲ್ಲ. ಡಿಸ್ಕ್ ಇರಬೇಕಾದ ಕಡೆ ಅದೇ ಹೆಸರಿನ ಖಾಲಿ ಫೋಲ್ಡರ್ ಇತ್ತು. ಅದು ಸರ್ವರಿನದೇ ಹೊಟ್ಟೆ. ರಾತ್ರಿ ರಾತ್ರಿ ಎಲ್ಲರ ಮೇಲ್‌ಗಳ ನಕಲು ಅಲ್ಲಿಯೇ ಹೋಗಿ ಬಿದ್ದಿತ್ತು. ಅಕ್ಕ ಮತ್ತೆ ಸಿಗಿಸಿದ ಡಿಸ್ಕನ್ನು ಸರ್ವರ್ ಗುರುತಿಸಿರಲಿಲ್ಲ. ನಾನು ಸರ್ವರ್ ಆಫ್ ಮಾಡಿ ಆನ್ ಮಾಡಿದಾಗ ಅದು ಬಂದು ಆ ಫೋಲ್ಡರಿನ ಮೇಲೆ ಕೂತಿತು, ಅಡಿಯಲ್ಲಿದ್ದದ್ದು ಕಣ್ಣಿಗೆ ಮರೆಯಾಯಿತು. ನಮ್ಮ ಅಜ್ಜನ ಮನೆಯ ಅಂಗಳದಲ್ಲಿ ಜೋಳ ತುಂಬುವ ಹಗೇವು ಇತ್ತು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಎಳೆದರೆ ಅದರ ಮೇಲೆಯೇ ಎತ್ತು ಕಟ್ಟುತ್ತಿದ್ದರು, ಕೆಳಗೆ ಕಾಳಿದೆ ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಇಲ್ಲಿ ಆದದ್ದೂ ಅದೇ.

ಡಿಸ್ಕನ್ನು ಸರ್ವರಿನಿಂದ ಬಿಡಿಸಿ ನೋಡಿದೆ, ನಕಲುಗಳು ರಾಶಿ ಬಿದ್ದಿದ್ದವು. ಅಸಲು ಮೇಲ್‌ಗಳೆಲ್ಲ ಸರಿಯಾಗಿವೆಯೇ ಎಂದು ಖಾತ್ರಿ ಮಾಡಿಕೊಂಡು ರಾಶಿಯನ್ನು ಅಳಿಸಿದೆ. ಡಿಸ್ಕ್ ಇಲ್ಲದಿದ್ದರೆ ನಕಲು ಮಾಡಬೇಡ ಎಂದು ಒಂದು ಸಾಲು ಸೇರಿಸಿ, ಡಿಸ್ಕನ್ನು ಮತ್ತೆ ಜೋಡಿಸಿ ಮೇಲ್ ಶುರು ಮಾಡಿದೆ. ಸರದಿಯಲ್ಲಿ ನಿಂತಿದ್ದ ಮೇಲ್‌ಗಳು ನಿಧಾನವಾಗಿ ಹಂಚಿಕೆಯಾಗತೊಡಗಿದವು. ಇಷ್ಟಕ್ಕೆ ಮುಗಿಯಬೇಕಿತ್ತು.

ಸಾಹೇಬರು ಎಲ್ಲರನ್ನೂ ಕಚೇರಿಯ ಹಾಲಿಗೆ ಕರೆಸಿದರು. ಮೇಲಿನವರಿಂದ ಫೋನಿನಲ್ಲಿ ಚೆನ್ನಾಗಿ ಬೈಸಿಕೊಂಡಿದ್ದರು, ಮುಖ ಕೆಂಪಗಿತ್ತು. "ಏನಾಗಿತ್ತು, ಯಾರಿಂದ ಆತು? ವರದಿಯೊಳಗ ಹೆಸರು ಹಾಕಿ ಕಳಸಬೇಕ್ರಿ ನಾನು. ಯಾರಾದ್ರೂ ಸರಿ, ನಾಳಿಂದ ಕೆಲಸಕ್ಕ ಬರೂದು ಬ್ಯಾಡ."

ಅಕ್ಕ ಗೋಡೆಗೆ ಆತು ನಿಂತಿದ್ದರು. ಅವರ ಮನೆಯಲ್ಲಿ ತಿಂಗಳ ಸಂಬಳ ಎಂದು ಬರುತ್ತಿದ್ದದ್ದು ಅವರೊಬ್ಬರದೇ. ಸುಳ್ಳು ಹೇಳಿ ಅಭ್ಯಾಸವಿಲ್ಲದವನಲ್ಲ ನಾನು. "ಯಾರಿಂದೂ ಅಲ್ರಿ ಸರ. ಡಿಸ್ಕಿನ ವೈರ್ ಸಡ್ಲಾಗಿತ್ತು. ತಾನ ಬಿಚ್ಚಕೊಂಡೈತಿ."

"ಸಡ್ಲ ಯಾಕಾಗಿತ್ರಿ?" ಎಂದು ಅಕ್ಕ ಗೋಡೆ ಬಿಟ್ಟು ಮುಂದೆ ಬಂದರು. "ನಾನ ಬಿಚ್ಚೀನಿ, ಪೂಜಿಗೆ ಇಟ್ಟೀನಿ."

ಸಾಹೇಬರು, "ಕೇಳಿದ್ರಿಲ್ಲೋ?" ಎಂದು ನನ್ನ ಕಡೆ ತಿರುಗಿ, ಆಮೇಲೆ ಅವರಿಗೆ, "ಬೀಗದ ಕೈ ಕೊಟ್ಟು ಹೋಗ್ರಿ" ಎಂದರು. ಅಕ್ಕ ಸೊಂಟಕ್ಕೆ ಸಿಗಿಸಿದ್ದ ಗೊಂಚಲು ಬಿಚ್ಚತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಏನೋ ಅಂದುಬಿಡುವವನೇ ಇದ್ದೆ.

ಅಷ್ಟರಲ್ಲಿ ಹಾಲಿನ ಕಂಪ್ಯೂಟರುಗಳು ಒಂದರ ಹಿಂದೊಂದು ಟಿಂಗ್ ಎಂದವು. ಸರದಿಯಲ್ಲಿ ಸಿಕ್ಕಿಕೊಂಡಿದ್ದ ದಸರೆಯ ಶುಭಾಶಯದ ಮೇಲ್, ಸಾಹೇಬರೇ ಹಬ್ಬದ ರಜೆಯಲ್ಲಿ ನಾಲ್ಕೂ ಕಚೇರಿಗೆ ಕಳಿಸಿದ್ದು, ಆಗ ಬಂದು ತಲುಪಿತು. ಲೆಕ್ಕದ ಹುಡುಗಿ ರೂಢಿಯಂತೆ ತೆರೆದೇಬಿಟ್ಟಳು. ತೆರೆಯ ತುಂಬ ಪೂಜೆಯ ಫೋಟೋ. ನಡುವೆ ಚೆಂಡುಹೂವಿನ ರಾಶಿಯಲ್ಲಿ ನನ್ನ ಡಿಸ್ಕ್, ಅದರ ಬಾಲದಂತೆ ಇಳಿಬಿದ್ದ ವೈರ್, ಅದಕ್ಕೆ ಆರತಿ ಬೆಳಗುತ್ತ ಕಣ್ಣು ಮುಚ್ಚಿ ನಿಂತ ಸಾಹೇಬರು.

ಯಾರೂ ನಗಲಿಲ್ಲ. ನಗದಿರಲು ನಾನಂತೂ ಬಹಳ ಕಷ್ಟಪಟ್ಟೆ. ಸಾಹೇಬರು ಫೋಟೋವನ್ನೇ ನೋಡುತ್ತ ನಿಂತರು. ಆಮೇಲೆ, "ಬೀಗದ ಕೈ ಅಲ್ಲೇ ಇರಲಿ, ಸಂಜಿಗಿ ಬೀಗ ಹಾಕೋರು ಯಾರು?" ಎಂದು ಅಕ್ಕನಿಗೆ ಹೇಳಿ ಒಳಗೆ ಹೋದರು. ವರದಿಯಲ್ಲಿ ಯಾರ ಹೆಸರೂ ಬೇಡ ಎಂದು ಆಮೇಲೆ ಹೇಳಿಕಳಿಸಿದರು. ಆ ವಾರವೇ ಗುತ್ತಿಗೆಗೆ ಸಹಿಯೂ ಬಿತ್ತು.

ಅಕ್ಕ ನನ್ನ ಕೋಣೆಗೆ ಬಂದಾಗ ನಾನು ಒಂದು ಒಳ್ಳೆಯ ಮಾತಿಗೆ ಕಾಯುತ್ತ ಕೂತಿದ್ದೆ ಎಂಬುದನ್ನು ಮುಚ್ಚಿಡುವುದೇಕೆ. ಅವರ ಸಲುವಾಗಿ ಸುಳ್ಳು ಹೇಳಿದವನಲ್ಲವೇ ನಾನು! ಅವರು ಕುರ್ಚಿ ಎಳೆದುಕೊಳ್ಳಲಿಲ್ಲ, ನಿಂತೇ ಇದ್ದರು. ಕಣ್ಣು ತುಂಬಿತ್ತು.

"ನಿಮ್ಮ ಡಿಸ್ಕಿಗೆ ತ್ರಾಸ ಮಾಡೀನಿ, ತಪ್ಪಾತ್ರಿ, ಮತ್ತ ಬಿಚ್ಚೂದಿಲ್ಲ," ಎಂದರು. "ಆದ್ರ ಒಂದು ಮಾತು. ಮಡಿಲೆ ಬಂದು, ನೀರು ಸೈತ ಕುಡೀದ ಪೂಜಿ ಮಾಡೀನಿ ನಾನು. ಅಷ್ಟು ಮಂದಿ ಮುಂದ ಅದನ್ನ ವೈರ್ ಸಡ್ಲಾತು ಅಂದ್ರಲ್ಲ ತಮ್ಮಾ!"