ಫ್ರೀಜರಿನೊಳಗಿನ ಬಿರುಕು

ಯೋಕೋಹಾಮಾದಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಗೆಳತಿಯೂ ನಾನೂ ಆ ಚಳಿಗಾಲ ನಾಗಾನೋ ಕಡೆಯ ಬೆಟ್ಟವೊಂದನ್ನು ಹತ್ತಲು ಹೊರಟಿದ್ದೆವು. ಬಂಡೆ, ಹಿಮ ಎರಡೂ ಬೆರೆತ ಸುಲಭದ ದಾರಿ. ಮೊದಲು ಹತ್ತುವವಳು ನಾನು. ಜಾರಿದರೆ ನನ್ನನ್ನು ತಡೆಯಬೇಕಾದದ್ದು ಬಂಡೆಯ ಬಿರುಕಿನಲ್ಲಿ ಸಿಕ್ಕಿಸಿ ಹಗ್ಗ ಹಾಯಿಸಿದ ಲೋಹದ ತುಂಡು. ಅದು ಯಾವುದಿರಬೇಕು ಎಂಬುದೇ ಜಗಳ.

ನನ್ನ ಪಕ್ಷ ಕ್ಯಾಮ್: ಸ್ಪ್ರಿಂಗ್ ಬಲದಿಂದ ಬಿರುಕಿನೊಳಗೆ ಅರಳಿ ಕಚ್ಚಿಕೊಳ್ಳುವ, ನೋಡಲೂ ಚೆಂದದ ಸಾಧನ. ಅವಳದು ನಟ್: ತಂತಿಗೆ ಪೋಣಿಸಿದ ಬರಿಯ ಬೆಣೆ.

"ಐಸ್ ಇದ್ರೆ ಕ್ಯಾಮ್ ಜಾರತ್ತೆ ಕಣೇ, ಎಲ್ಲಾರೂ ಹೇಳ್ತಾರೆ."

"ಎಲ್ಲಾರೂ ಹೇಳೋದು ಪುರಾವೆ ಅಲ್ಲ. ತೋರಿಸು."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಇಷ್ಟು ಕೇಳಿದರೆ ಎದುರಾಳಿಗಳು ಕೂತುಬಿಡುತ್ತಿದ್ದರು. ಇವಳು ಎದ್ದು, ಬಾಲ್ಕನಿಯ ಹೂಕುಂಡದ ಕೆಳಗಿನ ಎರಡು ಇಟ್ಟಿಗೆ ತಂದಳು. ಕೆಳಗೆ ಕಿರಿದಾಗುವಂತೆ ಸಂದು ಬಿಟ್ಟು ಬಿಗಿದು ಕಟ್ಟಿ, ನೀರೆರೆದು, ಕಾಯಿತುರಿಯ ಪೊಟ್ಟಣಗಳನ್ನು ಸರಿಸಿ ಫ್ರೀಜರಿಗೆ ತುರುಕಿದಳು.

ಮರುದಿನ ಬೆಳಿಗ್ಗೆ ಐಸ್ ಹತ್ತಿದ ಆ ಸಂದಿಗೆ ನಾನೇ ಕ್ಯಾಮ್ ಸಿಕ್ಕಿಸಿ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಈಚೆ ಬಂತು. ಅದೇ ಸಂದಿಗೆ ಸಿಕ್ಕಿಸಿದ ಅವಳ ನಟ್ಟನ್ನು ಬಿಡಿಸಲು ಸುತ್ತಿಗೆ ಬೇಕಾಯಿತು.

"ಇಟ್ಟಿಗೆ ಬಂಡೆ ಅಲ್ಲ," ಎಂದೆ. "ಒಂದು ಪ್ರಯೋಗದಿಂದ ಏನೂ ಸಾಬೀತಾಗಲ್ಲ."

"ಸರಿ ತಾಯಿ. ಎರಡನೇದು ಬೆಟ್ಟದ ಮೇಲೆ ನೀನೇ ಮಾಡು. ನಾನು ಕೆಳಗೆ ನಿಂತು ಮಾರ್ಕ್ಸ್ ಹಾಕ್ತೀನಿ."

ಆ ವಾದದಲ್ಲಿ ನಾನು ಸೋತೆನೆಂದು ಇಂದಿಗೂ ಒಪ್ಪಿಲ್ಲ. ಹೊರಡುವಾಗ ಅವಳ ನಟ್‌ಗಳನ್ನೆಲ್ಲ ಸೊಂಟಕ್ಕೆ ನೇತುಹಾಕಿಕೊಂಡೆ, ಅಷ್ಟೆ. ತತ್ವಕ್ಕಾಗಿ ಒಂದು ಕ್ಯಾಮ್ ಕೂಡ ಇತ್ತು. ಅದು ದಾರಿಯುದ್ದಕ್ಕೂ ತೊಡೆಗೆ ಬಡಿಯುತ್ತಲೇ ಇತ್ತು.